ಗಗನವಿದ್ಯೆಯಲ್ಲಿ ಗುರುವಿನ ಸ್ಥಾನ: ಹಾರಾಟ ಬೋಧಕರ ಕೊರತೆ ಮತ್ತು ಹೊಸ ವೈಮಾನಿಕನ ಮುಂದಿನ ದಾರಿ

ಪೀಠಿಕೆ

ಮಾಗಡಿ ಸೀಮೆಯ ಸಾವನದುರ್ಗವು ಸಮುದ್ರಮಟ್ಟದಿಂದ 1,226 ಮೀಟರು, ಎಂದರೆ ಸುಮಾರು 4,020 ಅಡಿ ಎತ್ತರಕ್ಕೆ ತಲೆಯೆತ್ತಿ ನಿಂತಿರುವ ಏಕಶಿಲಾಪರ್ವತ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳು ಅದಕ್ಕುಂಟು. ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿಯ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶಜರು ಮಾಗಡಿಯಲ್ಲಿ ನೆಲೆಸಿ ಆಳಿದಾಗ ಈ ದುರ್ಗವೇ ಅವರ ಬಲವಾಗಿತ್ತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಇದನ್ನು ಹಿಡಿದ ಸಂಗತಿ ಮೈಸೂರು ಯುದ್ಧಗಳ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಈ ಬೆಟ್ಟವನ್ನು ಹತ್ತಿದವರೆಲ್ಲರೂ ಒಂದು ಮಾತನ್ನು ಹೇಳುವುದುಂಟು: ಏರುವುದು ಆಯಾಸದ ಕೆಲಸ, ಇಳಿಯುವುದು ಅಪಾಯದ ಕೆಲಸ. ನುಣುಪಾದ ಬಂಡೆಯ ಇಳಿಜಾರಿನಲ್ಲಿ ಹೆಜ್ಜೆಯನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದು ಮೊದಲೇ ಇಳಿದು ಬಂದವನಿಗೆ ಮಾತ್ರ ತಿಳಿದಿರುತ್ತದೆ. ಅಂತಹವನೊಬ್ಬನು ಮುಂದೆ ನಡೆದರೆ ಹಿಂದೆ ಬರುವವನಿಗೆ ಭಯವಿಲ್ಲ. ವಿಮಾನ ಚಾಲನೆಯ ವಿದ್ಯೆಗೂ ಇದೇ ಮಾತು ಸಲ್ಲುತ್ತದೆ. ವಿಮಾನವನ್ನು ಮೇಲಕ್ಕೆತ್ತುವುದಕ್ಕಿಂತ ಅದನ್ನು ನೆಲಕ್ಕಿಳಿಸುವುದು ಕಷ್ಟ. ಆ ಇಳಿಕೆಯನ್ನು ಕಲಿಸುವವನ ಕೆಲಸ ಅದಕ್ಕಿಂತಲೂ ಕಷ್ಟ.

ಸಾವನದುರ್ಗದಿಂದ ಗಗನಮಾರ್ಗದಲ್ಲಿ ನಲವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಬೆಂಗಳೂರಿನ ಜಕ್ಕೂರು ವಿಮಾನಾಂಗಣವಿದೆ. ತರಬೇತಿಯ ಸಣ್ಣ ವಿಮಾನಕ್ಕೆ ಅದು ಕಾಲು ಗಂಟೆಯ ದಾರಿ. ಜಕ್ಕೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ ವಿದ್ಯಾರ್ಥಿಯು ನೆಲದಿಂದ 1,000 ಅಡಿ ಮೇಲೆ ಸುತ್ತು ಹಾಕುವಾಗ, ಸಮುದ್ರಮಟ್ಟಕ್ಕೆ ಹೊಂದಿಸಿದ ಎತ್ತರಮಾಪಕದ ಮುಳ್ಳು 4,000 ಎಂದು ತೋರಿಸುತ್ತದೆ. ಜಕ್ಕೂರಿನ ಮೇಲೆ ಆ ಅಂಕಿ ಕ್ಷೇಮದ ಅಂಕಿ. ಅದೇ ಅಂಕಿಯನ್ನು ನಂಬಿ ಮೋಡ ಕವಿದ ದಿನ ಸಾವನದುರ್ಗದ ದಿಕ್ಕಿಗೆ ಹೋದವನ ಎದುರಿಗೆ ಬರುವುದು ಬಂಡೆ. ಮುಳ್ಳು ಸುಳ್ಳು ಹೇಳಲಿಲ್ಲ. ಓದಿದವನಿಗೆ ಅರ್ಥ ತಿಳಿಯಲಿಲ್ಲ. ಅಕ್ಷರವನ್ನು ಓದುವುದಕ್ಕೂ ಅರ್ಥವನ್ನು ಗ್ರಹಿಸುವುದಕ್ಕೂ ನಡುವೆ ಇರುವ ಈ ಅಂತರವನ್ನು ತುಂಬುವವನೇ ಗುರು. ಗಗನವಿದ್ಯೆಯಲ್ಲಿ ಅಂತಹ ಗುರುಗಳು ಸಾಕಷ್ಟು ದೊರೆಯದಿರುವುದೇಕೆ, ಹೊಸದಾಗಿ ಪರವಾನಗಿ ಪಡೆದ ತರುಣರು ಈ ಕೆಲಸವನ್ನು ಹೇಗೆ ಕಾಣಬೇಕು ಎಂಬುದೇ ಈ ಲೇಖನದ ವಿಚಾರ.

ಬೋಧಕನ ಕೆಲಸ ಎಂತಹುದು

ತರಬೇತಿಯ ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ಅಕ್ಕಪಕ್ಕದಲ್ಲಿ ಎರಡು ಆಸನಗಳಿರುತ್ತವೆ. ವಿದ್ಯಾರ್ಥಿಯು ಎಡಕ್ಕೆ, ಬೋಧಕನು ಬಲಕ್ಕೆ. ಚಾಲನೆಯ ಹಿಡಿಗಳೂ ಕಾಲಿನ ಮೆಟ್ಟುಗಳೂ ಇಬ್ಬರಿಗೂ ಉಂಟು. ಮೊದಲು ಬೋಧಕನು ಮಾಡಿ ತೋರಿಸುತ್ತಾನೆ. ಅನಂತರ ಮಾತಿನಿಂದ ಹೇಳಿ ಮಾಡಿಸುತ್ತಾನೆ. ಕೊನೆಗೆ ಬಾಯಿ ಮುಚ್ಚಿ ನೋಡುತ್ತಾನೆ. ಹಿಡಿಯು ಈಗ ಯಾರ ಕೈಯಲ್ಲಿದೆ ಎಂಬುದರಲ್ಲಿ ಸಂದೇಹ ಉಳಿಯಬಾರದೆಂದು, ಕೊಡುವವನೂ ಪಡೆಯುವವನೂ ಬಾಯಿಬಿಟ್ಟು ಹೇಳಿಯೇ ಹಸ್ತಾಂತರಿಸುವುದು ಈ ವಿದ್ಯೆಯ ಪದ್ಧತಿ.

ಈ ಮೂರು ಹಂತಗಳಲ್ಲಿ ಮೂರನೆಯದೇ ದುಸ್ತರವಾದುದು. ವಿದ್ಯಾರ್ಥಿಯು ತಪ್ಪು ಮಾಡುತ್ತಿದ್ದಾನೆ. ವಿಮಾನವು ನೆಲಕ್ಕೆ ಸಮೀಪಿಸುತ್ತಿದೆ. ಬೋಧಕನು ಬೇಗನೆ ಹಿಡಿಯನ್ನು ಕಿತ್ತುಕೊಂಡರೆ ಶಿಷ್ಯನು ತನ್ನ ತಪ್ಪನ್ನು ತಾನು ತಿದ್ದಿಕೊಳ್ಳುವುದನ್ನು ಎಂದಿಗೂ ಕಲಿಯನು. ತಡಮಾಡಿದರೆ ಇಬ್ಬರಿಗೂ ಉಳಿಗಾಲವಿಲ್ಲ. ಇವೆರಡರ ನಡುವಿನ ಕೆಲವೇ ಕ್ಷಣಗಳಲ್ಲಿ ಬೋಧಕನ ವಿದ್ಯೆಯೆಲ್ಲ ಅಡಗಿದೆ. ಹೀಗೆ ಹತ್ತಾರು ಇಳಿಕೆಗಳನ್ನು ಪರೀಕ್ಷಿಸಿದ ಮೇಲೆ ಒಂದು ದಿನ ವಿದ್ಯಾರ್ಥಿಯನ್ನು ಒಬ್ಬನನ್ನೇ ಕಳುಹಿಸಲಾಗುತ್ತದೆ. ಬೋಧಕನು ವಿಮಾನದಿಂದಿಳಿದು ದೂರ ನಿಲ್ಲುತ್ತಾನೆ. ಬಲಗಡೆಯ ಆಸನ ಬರಿದಾಗಿರುವುದರಿಂದ ವಿಮಾನವು ಹಗುರಾಗಿ, ಎಂದಿಗಿಂತ ಬೇಗ ಮೇಲೇಳುತ್ತದೆ. ನೆಲದ ಮೇಲೆ ನಿಂತವನ ಕಣ್ಣು ಆ ವಿಮಾನ ಇಳಿಯುವವರೆಗೆ ಬೇರೆಡೆಗೆ ತಿರುಗದು. ಹೊಣೆ ಪೂರ್ತಿಯಾಗಿ ತನ್ನದು, ಕೈ ಮಾತ್ರ ಎಟುಕದು. ಗುರುವಿನ ಸ್ಥಿತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಅಪರೂಪ.

ಸ್ವತಃ ಬಲ್ಲವನೆಲ್ಲ ಕಲಿಸಬಲ್ಲವನಲ್ಲ ಎಂಬ ವಿವೇಕ ಈ ನಾಡಿನ ವಿದ್ವತ್ಪರಂಪರೆಗೆ ಹೊಸದಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ವಿವಾದ ಹುಟ್ಟುತ್ತದೆ. ಕೆಲವರಲ್ಲಿ ಕಲೆಯು ಸ್ವಂತ ಪ್ರಯೋಗದಲ್ಲಿ ಶೋಭಿಸುವುದು, ಕೆಲವರಲ್ಲಿ ಅದನ್ನು ಇತರರಿಗೆ ದಾಟಿಸುವ ಶಕ್ತಿ ವಿಶೇಷವಾಗಿರುವುದು, ಎರಡೂ ಇದ್ದವನೇ ಶಿಕ್ಷಕರಲ್ಲಿ ಅಗ್ರಗಣ್ಯನು ಎಂಬ ಅಭಿಪ್ರಾಯ ಅಲ್ಲಿ ಪರಿವ್ರಾಜಿಕೆಯಿಂದ ವ್ಯಕ್ತವಾಗುತ್ತದೆ. ಆಚಾರ್ಯರ ಯೋಗ್ಯತೆಯನ್ನು ಅಳೆಯುವುದು ಶಿಷ್ಯರ ಪ್ರಯೋಗದಿಂದಲೇ. ವಿಮಾನವಿದ್ಯೆಯಲ್ಲಿಯೂ ಒರೆಗಲ್ಲು ಅದೇ ಆಗಿದೆ.

ಬೋಧನೆಯು ಶಾಸ್ತ್ರವಾದ ಬಗೆ

ಹಾರಾಟದ ಬೋಧನೆಗೆ ಆರಂಭದಲ್ಲಿ ಈ ಗೌರವವಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ, ರಣರಂಗದಲ್ಲಿ ದಣಿದು ಬಂದ ವೈಮಾನಿಕರನ್ನು ವಿಶ್ರಾಂತಿಗೆಂಬಂತೆ ಬೋಧಕರನ್ನಾಗಿ ನೇಮಿಸುವ ರೂಢಿಯಿತ್ತು. ಅವರಲ್ಲಿ ಅನೇಕರಿಗೆ ಆ ಕೆಲಸದಲ್ಲಿ ಆಸ್ಥೆಯೂ ಇರಲಿಲ್ಲ, ಕಲಿಸುವ ಕ್ರಮವೂ ತಿಳಿದಿರಲಿಲ್ಲ. ಶತ್ರುವನ್ನು ಕಾಣುವುದಕ್ಕೆ ಮೊದಲೇ ತರಬೇತಿಯಲ್ಲಿ ಮಡಿದ ತರುಣರು ಬಹುಮಂದಿ. 1917ರಲ್ಲಿ ರಾಬರ್ಟ್ ಸ್ಮಿತ್ ಬ್ಯಾರಿ ಎಂಬ ಅಧಿಕಾರಿಯು ಗಾಸ್ಪೋರ್ಟ್ ಎಂಬಲ್ಲಿ ಬೋಧಕರಿಗಾಗಿಯೇ ಒಂದು ಶಾಲೆಯನ್ನು ನಡೆಸಿ ಈ ರೂಢಿಯನ್ನು ಬದಲಾಯಿಸಿದನು. ಇಬ್ಬರಿಗೂ ಹಿಡಿಗಳಿರುವ ವಿಮಾನ, ಇಂಜಿನ್ನಿನ ಗದ್ದಲದಲ್ಲಿಯೂ ಬೋಧಕನ ಮಾತು ಶಿಷ್ಯನ ಕಿವಿಗೆ ಮುಟ್ಟುವಂತೆ ಮಾಡುವ ಕೊಳವೆ, ಅಪಾಯದ ಸ್ಥಿತಿಗಳನ್ನು ಮುಚ್ಚಿಡದೆ ಅವುಗಳಿಂದ ಹೊರಬರುವುದನ್ನು ಕ್ರಮವಾಗಿ ಕಲಿಸುವುದು, ಇವು ಅವನ ಪದ್ಧತಿಯ ಮುಖ್ಯಾಂಶಗಳು. ಜಗತ್ತಿನ ಹಾರಾಟದ ಶಾಲೆಗಳೆಲ್ಲ ಇಂದಿಗೂ ಬಹುಮಟ್ಟಿಗೆ ಈ ದಾರಿಯಲ್ಲಿಯೇ ನಡೆಯುತ್ತಿವೆ. ಬೋಧಕನನ್ನು ಸಿದ್ಧಪಡಿಸಿದ ಹೊರತು ವೈಮಾನಿಕನು ಸಿದ್ಧನಾಗನು ಎಂಬ ತತ್ತ್ವ ಅಂದು ನೆಲೆಗೊಂಡಿತು. ಭಾರತದ ವಾಯುಪಡೆಯೂ ಬೋಧಕರನ್ನು ತಯಾರಿಸಲು ತಾಂಬರಂನಲ್ಲಿ ಪ್ರತ್ಯೇಕವಾದ ಶಾಲೆಯನ್ನು ನಡೆಸುತ್ತಿದೆ.

ಕನ್ನಡನಾಡಿನ ಮಟ್ಟಿಗೆ ಈ ವಿದ್ಯೆಯ ತವರು ಜಕ್ಕೂರು. ಜಯಚಾಮರಾಜೇಂದ್ರ ಒಡೆಯರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1948ರಲ್ಲಿ, ಅಲ್ಲಿ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆಯು ಆರಂಭವಾಯಿತು. ಅದರ ಮೊದಲ ಪ್ರಾಂಶುಪಾಲರಾದ ಕ್ಯಾಪ್ಟನ್ ವಿ. ಸುಂದರಂ ಅವರು ಮದರಾಸಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಬೋಧಕರಾಗಿದ್ದವರು. ಮೈಸೂರು ಮಹಾರಾಜರ ಡಕೋಟಾ ವಿಮಾನದ ಚಾಲಕರೂ ಆಗಿದ್ದರು. ಅವರ ಪತ್ನಿ ಉಷಾ ಸುಂದರಂ ಅವರು 1949ರಲ್ಲಿ ಈ ಶಾಲೆಯಿಂದ ಮೊದಲಿಗರಾಗಿ ಉತ್ತೀರ್ಣರಾದರು. ಮರುವರ್ಷ, 1950ರಲ್ಲಿ, ಈ ದಂಪತಿಗಳು ಡವ್ ಎಂಬ ಹೊಸ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದು ದಾಖಲೆ ಸ್ಥಾಪಿಸಿದರು. ಈ ವೃತ್ತಾಂತದಲ್ಲಿ ಜನ ನೆನೆಯುವುದು ದಾಖಲೆಯನ್ನು. ವಿದ್ಯಾಸಂಸ್ಥೆಗಳು ನೆನೆಯಬೇಕಾದುದು ಮತ್ತೊಂದು ಅಂಶವನ್ನು: ಬೋಧಕರಾಗಿ ಅನುಭವ ಪಡೆದವರೊಬ್ಬರು ಶಾಲೆಯ ಮುಖ್ಯಸ್ಥರಾದುದರಿಂದ ಒಂದೇ ವರ್ಷದಲ್ಲಿ ಶಾಲೆಗೆ ಫಲ ಕಂಡಿತು.

ಬೆಂಗಳೂರಿಗೆ ಕಲಿಕೆಯ ವಿಮಾನಗಳನ್ನು ಕಟ್ಟುವ ಕೀರ್ತಿಯೂ ಸಲ್ಲುತ್ತದೆ. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆಯು ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿಗೆ ಹಾರಿತು. 1958ರಲ್ಲಿ ಹಾರಿದ ಪುಷ್ಪಕವು ದೇಶದ ಅನೇಕ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹಂಚಿಕೆಯಾಯಿತು. ವಿಮಾನವುಂಟು, ನೆಲವುಂಟು, ಕಲಿಯುವ ಹಂಬಲವುಳ್ಳ ಮಕ್ಕಳುಂಟು. ಆದರೂ ಇತ್ತೀಚಿನ ದಶಕಗಳಲ್ಲಿ ಜಕ್ಕೂರಿನ ತರಬೇತಿಯು ಪದೇ ಪದೇ ಕುಂಟಿತು. ಅದಕ್ಕೆ ಕಾರಣವಾದವುಗಳಲ್ಲಿ ಬೋಧಕರ ಕೊರತೆಯೂ ಒಂದು.

ಕೊರತೆಯ ಮೂಲ

ಈ ಕೊರತೆ ಕರ್ನಾಟಕಕ್ಕೆ ಮಾತ್ರ ಸೀಮಿತವಾದುದಲ್ಲ. ಆದರೆ ಒಂದೊಂದು ದೇಶದಲ್ಲಿ ಅದರ ಮೂಲ ಒಂದೊಂದು ಬಗೆಯದು. ಅಮೆರಿಕ ಮತ್ತು ಭಾರತಗಳನ್ನು ಹೋಲಿಸಿದರೆ ವಿಷಯ ತಿಳಿಯಾಗುತ್ತದೆ.

ಅಮೆರಿಕದಲ್ಲಿ 2009ರ ಫೆಬ್ರವರಿ 12ರಂದು ಬಫೆಲೊ ನಗರದ ಬಳಿ ಒಂದು ಪ್ರಯಾಣಿಕ ವಿಮಾನ ಬಿದ್ದು 50 ಜನ ಮೃತರಾದರು. ಆ ಬಳಿಕ ಬಂದ ಕಾನೂನಿನ ಪ್ರಕಾರ 2013ರಿಂದ ಅಲ್ಲಿನ ವಿಮಾನ ಸಂಸ್ಥೆಗಳಲ್ಲಿ ಸಹಚಾಲಕನಾಗುವುದಕ್ಕೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕಾಯಿತು. ಪರವಾನಗಿ ದೊರೆಯುವಾಗ ತರುಣನ ಲೆಕ್ಕದಲ್ಲಿರುವುದು ಸುಮಾರು 250 ಗಂಟೆ. ಉಳಿದ ಗಂಟೆಗಳನ್ನು ಸ್ವಂತ ಖರ್ಚಿನಿಂದ ತುಂಬಿಸಿಕೊಳ್ಳುವ ಶಕ್ತಿ ಯಾರಿಗಿದೆ? ಆದುದರಿಂದ ಅಲ್ಲಿ ಹೊಸಬರು ಬೋಧಕರಾಗುತ್ತಾರೆ. ಶಿಷ್ಯನ ಖರ್ಚಿನ ಹಾರಾಟ ಬೋಧಕನ ಲೆಕ್ಕಕ್ಕೂ ಸೇರುತ್ತದೆ. ಗಂಟೆಗಳು ತುಂಬಿದೊಡನೆ ಅವರು ಹೊರಟುಹೋಗುತ್ತಾರೆ. ವಿಮಾನ ಸಂಸ್ಥೆಗಳು ಹೆಚ್ಚು ಜನರನ್ನು ಸೇರಿಸಿಕೊಳ್ಳುವ ವರ್ಷಗಳಲ್ಲಿ ಶಾಲೆಗಳು ಬರಿದಾಗುತ್ತವೆ. ಅಲ್ಲಿ ಬೋಧಕರು ಬರುತ್ತಾರೆ, ನಿಲ್ಲುವುದಿಲ್ಲ.

ಭಾರತದಲ್ಲಿ ಸ್ಥಿತಿ ಬೇರೆ. ಇಲ್ಲಿ ವಾಣಿಜ್ಯ ವಿಮಾನ ಚಾಲಕನ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿದುದಾಗಿರಬೇಕು. ಆ ಪರವಾನಗಿಯೊಡನೆ ಒಂದು ದೊಡ್ಡ ವಿಮಾನದ ಟೈಪ್ ರೇಟಿಂಗ್ ಎಂಬ ಅರ್ಹತೆಯನ್ನೂ ಸಂಪಾದಿಸಿದವನು ಪ್ರಯಾಣಿಕ ವಿಮಾನದಲ್ಲಿ ನೇರವಾಗಿ ಸಹಚಾಲಕನಾಗಬಹುದು. 1,500 ಗಂಟೆಗಳ ನಿಯಮ ಬರುವುದು ಅದೇ ವಿಮಾನದ ಕ್ಯಾಪ್ಟನ್ ಆಗಲು ಬೇಕಾದ ಉನ್ನತ ಪರವಾನಗಿಗೆ. ಆದುದರಿಂದ ಹೊಸಬನಿಗೆ ಬೋಧಕನಾಗಬೇಕೆಂಬ ನಿರ್ಬಂಧವೂ ಇಲ್ಲ, ಆಕರ್ಷಣೆಯೂ ಇಲ್ಲ. ಬೋಧನೆಯ ಭಾರ ಬಹುಮಟ್ಟಿಗೆ ವಾಯುಪಡೆಯಿಂದ ನಿವೃತ್ತರಾದವರ ಮೇಲೂ ಕೆಲವೇ ಹಿರಿಯರ ಮೇಲೂ ಬಿದ್ದಿತು. ಅಮೆರಿಕದಲ್ಲಿ ಬೋಧಕರು ನಿಲ್ಲುವುದಿಲ್ಲವಾದರೆ, ಇಲ್ಲಿ ತರುಣರು ಬೋಧಕರಾಗಿ ಬರುವುದೇ ಕಡಿಮೆ.

ಈ ನಡುವೆ ಬೇಡಿಕೆ ಏರಿತು. 2019ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನೀಡಿದ ವಾಣಿಜ್ಯ ಚಾಲಕ ಪರವಾನಗಿಗಳು 744. 2023ರಲ್ಲಿ ಅವು 1,622. ಆ ವರ್ಷವೇ ಏರ್ ಇಂಡಿಯಾ 470, ಇಂಡಿಗೊ 500 ಹೊಸ ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. 2021ರಲ್ಲಿ ಹೊಸ ತರಬೇತಿ ಸಂಸ್ಥೆಗಳಿಗೆಂದು ದೇಶದ ಐದು ನಿಲ್ದಾಣಗಳನ್ನು ಆರಿಸಿದಾಗ ಅವುಗಳಲ್ಲಿ ಎರಡು, ಬೆಳಗಾವಿ ಮತ್ತು ಕಲಬುರಗಿ, ಕರ್ನಾಟಕದವೇ ಆಗಿದ್ದುವು. ಶಾಲೆಗಳು ಹೆಚ್ಚಿದರೆ ಬೋಧಕರ ಅಗತ್ಯವೂ ಹೆಚ್ಚುತ್ತದೆ. ಕಟ್ಟಡವನ್ನು ಒಂದು ವರ್ಷದಲ್ಲಿ ಎಬ್ಬಿಸಬಹುದು, ವಿಮಾನವನ್ನು ಹಣಕೊಟ್ಟು ತರಿಸಬಹುದು. ಬೋಧಕನನ್ನು ಮಾತ್ರ ಬೆಳೆಸಿಯೇ ಪಡೆಯಬೇಕು.

ನಿಯಮದಲ್ಲಿಯೇ ಇದ್ದ ಒಂದು ಇಕ್ಕಟ್ಟನ್ನೂ ಇಲ್ಲಿ ಹೇಳಬೇಕು. ಶಾಲೆಯಲ್ಲಿ ಆ ದಿನದ ಹಾರಾಟಕ್ಕೆ ಅನುಮತಿ ಕೊಡುವ ಅಧಿಕಾರ ಹಿಂದೆ ಮುಖ್ಯ ಬೋಧಕನಿಗೆ ಅಥವಾ ಉಪಮುಖ್ಯ ಬೋಧಕನಿಗೆ ಮಾತ್ರ ಇತ್ತು. ಆ ಒಬ್ಬಿಬ್ಬರು ಇಲ್ಲವಾದರೆ ಇಡೀ ಶಾಲೆ ನೆಲಕ್ಕಂಟಿ ಕೂರಬೇಕಾಗಿತ್ತು. 2021ರ ನವೆಂಬರಿನಲ್ಲಿ ನಿಯಮವನ್ನು ತಿದ್ದಿ ಇತರ ಅರ್ಹ ಹಾರಾಟ ಬೋಧಕರಿಗೂ ಈ ಅಧಿಕಾರವನ್ನು ನೀಡಲಾಯಿತು. ಇದು ಒಳ್ಳೆಯ ತಿದ್ದುಪಡಿಯೇ ಸರಿ. ಆದರೆ ಅಧಿಕಾರವನ್ನು ಹಂಚಿದ ಮಾತ್ರಕ್ಕೆ ಅದನ್ನು ಹೊರುವ ಹೆಗಲುಗಳು ಹುಟ್ಟಿಬರುವುದಿಲ್ಲ.

ಕೊರತೆಯ ಫಲವನ್ನು ಉಣ್ಣುವವರು

ಇನ್ನು ಈ ಕೊರತೆಯ ಪೆಟ್ಟು ಯಾರಿಗೆ ಎಂಬುದನ್ನು ನೋಡಬೇಕು. ಒಂದು ಸುಲಭವಾದ ಲೆಕ್ಕವನ್ನು ಹಾಕಬಹುದು. ಒಬ್ಬ ವಿದ್ಯಾರ್ಥಿಯ 200 ಗಂಟೆಗಳಲ್ಲಿ ಸುಮಾರು 100 ಗಂಟೆ ಬೋಧಕನು ಪಕ್ಕದಲ್ಲಿ ಕುಳಿತೇ ಆಗಬೇಕಾದುದು. ಒಬ್ಬ ಬೋಧಕನು ವರ್ಷಕ್ಕೆ 600 ಗಂಟೆ ಕಲಿಸಿದನೆಂದು ಇಟ್ಟುಕೊಂಡರೆ ಅವನ ಪಾಲಿಗೆ ಬರುವವರು ಆರು ಮಂದಿ. 60 ವಿದ್ಯಾರ್ಥಿಗಳಿರುವ ಶಾಲೆಗೆ ಹತ್ತು ಬೋಧಕರು ಬೇಕು. ಅವರಲ್ಲಿ ಮೂವರು ಬಿಟ್ಟುಹೋದರೆ ಹದಿನೆಂಟು ಮಂದಿಯ ಕಲಿಕೆ ನಿಲ್ಲುತ್ತದೆ. ಮಳೆ ಮೋಡಗಳ ದಿನಗಳನ್ನೂ ವಿಮಾನ ಕೆಟ್ಟು ನಿಂತ ದಿನಗಳನ್ನೂ ಈ ಲೆಕ್ಕ ಹಿಡಿದಿಲ್ಲ.

ನಿಂತ ಕಲಿಕೆಯು ನಿಂತಲ್ಲಿಯೇ ಇರುವುದಿಲ್ಲ, ಹಿಂದಕ್ಕೆ ಸರಿಯುತ್ತದೆ. ಮೂರು ತಿಂಗಳು ಹಾರದಿದ್ದವನ ಕೈ ಮರೆಯುತ್ತದೆ. ಕಲಿತುದನ್ನೇ ಮತ್ತೆ ಹಣ ತೆತ್ತು ಕಲಿಯಬೇಕಾಗುತ್ತದೆ. ಹೊಸ ಬೋಧಕನು ಬಂದರೆ ಹಳೆಯವನು ಎಲ್ಲಿಗೆ ಬಿಟ್ಟಿದ್ದನೆಂಬುದನ್ನು ತಿಳಿಯಲು ಕೆಲವು ಗಂಟೆಗಳು ಸಲ್ಲುತ್ತವೆ. ಈ ವಿದ್ಯೆಯ ವೆಚ್ಚ ಇತ್ತೀಚಿನ ವರ್ಷಗಳಲ್ಲಿ 40 ಲಕ್ಷ ರೂಪಾಯಿಗಳನ್ನು ಮೀರುವುದು ಸಾಮಾನ್ಯವಾಗಿದೆ. ಮಾಗಡಿ, ಕನಕಪುರಗಳ ರಾಗಿ ಹೊಲದ ಒಡೆಯನೊಬ್ಬನು ಜಮೀನನ್ನು ಅಡವಿಟ್ಟು ಮಗನನ್ನೋ ಮಗಳನ್ನೋ ಕಳುಹಿಸಿದ್ದಾನೆಂದು ಭಾವಿಸಿದರೆ, ಬೋಧಕನಿಗಾಗಿ ಕಾದ ಪ್ರತಿಯೊಂದು ತಿಂಗಳೂ ಬಡ್ಡಿಯ ತಿಂಗಳೇ. ಸಿರಿವಂತರ ಮಕ್ಕಳು ಬೇಸತ್ತು ಪರದೇಶದ ಶಾಲೆಗೆ ಹೋಗಬಲ್ಲರು. ಸಾಲ ಮಾಡಿ ಬಂದವನು ಕಾಯಬೇಕು, ಇಲ್ಲವೆ ಅರ್ಧಕ್ಕೆ ಬಿಡಬೇಕು. ಆದುದರಿಂದ ಬೋಧಕರ ಕೊರತೆಯು ಕೇವಲ ವಿಮಾನ ಸಂಸ್ಥೆಗಳ ತೊಡಕಲ್ಲ. ಗ್ರಾಮೀಣ ಮಕ್ಕಳಿಗೆ ಆಕಾಶದ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬ ಪ್ರಶ್ನೆಯಾಗಿದೆ.

ಪೂರ್ವಪಕ್ಷ ಮತ್ತು ಸಿದ್ಧಾಂತ

ಕೊರತೆಯನ್ನು ತುಂಬಲು ಹೊಸದಾಗಿ ಪರವಾನಗಿ ಪಡೆದವರನ್ನೇ ಬೋಧಕರನ್ನಾಗಿ ಮಾಡಬಹುದಷ್ಟೆ ಎಂದರೆ ಒಂದು ಆಕ್ಷೇಪ ಏಳುತ್ತದೆ. 200 ಗಂಟೆ ಹಾರಿದವನು ಏನನ್ನು ಕಂಡಿದ್ದಾನು? ಕುರುಡನು ಕುರುಡನ ಕೈಹಿಡಿದು ನಡೆಸಿದಂತಾಗದೆ? ನಾಲ್ಕು ಮಳೆಗಾಲಗಳನ್ನೂ ಕಾಣದವನು ಮೋಡದ ವಿಚಾರವನ್ನು ಹೇಗೆ ಬೋಧಿಸಬಲ್ಲನು? ಇದು ಪೂರ್ವಪಕ್ಷ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಮೇಲೆ ಹೇಳಿದ ಅಪಘಾತದ ವಿಮಾನದ ಚಾಲಕರಿಬ್ಬರಿಗೂ 1,500 ಗಂಟೆಗಳಿಗಿಂತ ಹೆಚ್ಚಿನ ಅನುಭವವಿದ್ದಿತು ಎಂಬುದನ್ನು ನೆನೆದರೆ, ಗಂಟೆಗಳ ಎಣಿಕೆಯೊಂದೇ ಯೋಗ್ಯತೆಯ ಪ್ರಮಾಣವಲ್ಲವೆಂಬುದೂ ಅಷ್ಟೇ ಸ್ಪಷ್ಟವಾಗುತ್ತದೆ.

ಸಿದ್ಧಾಂತವನ್ನು ಹೀಗೆ ಹೇಳಬಹುದು. ಹಳೆಯ ಕೂಲಿಮಠಗಳಲ್ಲಿ ಅಯ್ಯನವರು ದೊಡ್ಡ ಹುಡುಗನಿಗೆ ಪಾಠ ಹೇಳುವರು. ಅವನು ಚಿಕ್ಕವರಿಂದ ಮರಳಿನ ಮೇಲೆ ಅಕ್ಷರ ತಿದ್ದಿಸುವನು. ದಕ್ಷಿಣ ಭಾರತದ ಈ ರೂಢಿಯನ್ನು ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬಾತನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೂ ಒಯ್ದನು. ದೊಡ್ಡ ಹುಡುಗನು ಪಂಡಿತನೇನಲ್ಲ. ಆದರೆ ‘ಳ’ಕಾರದ ಸುಳಿ ತನಗೆ ಎಲ್ಲಿ ತಪ್ಪುತ್ತಿತ್ತೆಂಬುದು ಅವನಿಗೆ ಇನ್ನೂ ನೆನಪಿದೆ, ಅಯ್ಯನವರಿಗೆ ಅದು ಮರೆತುಹೋಗಿದೆ. ಹೊಸ ವೈಮಾನಿಕನಿಗೂ ಇದೇ ಅನುಕೂಲ. ಇಳಿಯುವಾಗ ನೆಲವು ತನ್ನ ಮೇಲೇ ಏರಿಬರುವಂತೆ ತೋರಿದ ಭಯ ಅವನಿಗೆ ನಿನ್ನೆಯದು. ಆದರೆ ಕೂಲಿಮಠದ ಕ್ರಮವು ಫಲಿಸಿದುದು ದೊಡ್ಡ ಹುಡುಗನ ಮೇಲೆ ಅಯ್ಯನವರ ಕಣ್ಣು ಇದ್ದುದರಿಂದ. ಭಾರತದ ನಿಯಮವೂ ಇದನ್ನೇ ಅನುಸರಿಸಿದೆ. ಹೊಸಬನು ಮೊದಲು ಸಹಾಯಕ ಹಾರಾಟ ಬೋಧಕನಾಗಿ ಹಿರಿಯ ಬೋಧಕನ ಮೇಲ್ವಿಚಾರಣೆಯಲ್ಲಿ ಕಲಿಸಬೇಕು. ಶಿಷ್ಯನ ಮೊದಲ ಏಕಾಂಗಿ ಹಾರಾಟಕ್ಕೆ ಅವನೇ ಅನುಮತಿ ಕೊಡುವಂತಿಲ್ಲ. ಆದುದರಿಂದ ದೋಷವಿರುವುದು ಕಿರಿಯನು ಕಲಿಸುವುದರಲ್ಲಿ ಅಲ್ಲ. ಹಿರಿಯನಿಲ್ಲದೆ ಕಿರಿಯನೊಬ್ಬನೇ ಕಲಿಸುವುದರಲ್ಲಿ. ಕೊರತೆಯ ನಿಜವಾದ ಅಪಾಯವೂ ಅದೇ: ಹಿರಿಯರು ತೀರ ವಿರಳವಾದರೆ ಮೇಲ್ವಿಚಾರಣೆಯು ಹೆಸರಿಗೆ ಮಾತ್ರ ಉಳಿಯುತ್ತದೆ.

ಹೊಸ ವೈಮಾನಿಕನ ಮುಂದಿನ ದಾರಿಗಳು

ಪರವಾನಗಿ ಕೈಗೆ ಬಂದ ತರುಣನ ಮುಂದೆ ಹಲವು ದಾರಿಗಳು ಕವಲೊಡೆಯುತ್ತವೆ. ಅವುಗಳ ಗುಣದೋಷಗಳನ್ನು ತಿಳಿದು ಆರಿಸಿಕೊಳ್ಳುವುದು ವಿವೇಕ.

ಮೊದಲನೆಯದು ವಿಮಾನ ಸಂಸ್ಥೆಯ ದಾರಿ. ಸಂಬಳ ಹೆಚ್ಚು, ಮಾನ್ಯತೆ ಹೆಚ್ಚು. ಆದರೆ ಟೈಪ್ ರೇಟಿಂಗಿಗೆ ಮತ್ತೆ ಲಕ್ಷಗಟ್ಟಲೆ ಹಣ ಬೇಕು. ಅದನ್ನು ಪಡೆದ ಮೇಲೂ ಕೆಲಸ ಕೂಡಲೆ ಸಿಕ್ಕೀತೆಂಬ ಭರವಸೆಯಿಲ್ಲ. ಈ ವೃತ್ತಿಯ ಸ್ವಭಾವವೇ ಏರಿಳಿತದ್ದು. ಕಿಂಗ್‌ಫಿಷರ್ ಸಂಸ್ಥೆಯು 2012ರಲ್ಲಿಯೂ ಜೆಟ್ ಏರ್‌ವೇಸ್ 2019ರಲ್ಲಿಯೂ ಹಾರಾಟವನ್ನು ನಿಲ್ಲಿಸಿದಾಗ ಅನುಭವಿಗಳೇ ಬೀದಿಗೆ ಬಂದರು; ಅಂತಹ ವರ್ಷಗಳಲ್ಲಿ 200 ಗಂಟೆಗಳ ಹೊಸಬನನ್ನು ಕೇಳುವವರಾರು? 2020ರ ಕೊರೊನಾ ಕಾಲದಲ್ಲಿ ಲೋಕದ ವಿಮಾನಗಳೇ ನೆಲಕ್ಕಿಳಿದುವು. ಕಾಯಬೇಕಾಗಿ ಬಂದಾಗ ಹಾರದೆ ಕಾಯುವುದು ಕೈಗೂ ಕೇಡು, ಮನಸ್ಸಿಗೂ ಕೇಡು.

ಎರಡನೆಯದು ಸಣ್ಣ ವಿಮಾನಗಳ ಸೇವೆ. ಬಾಡಿಗೆ ವಿಮಾನ, ರೋಗಿಗಳ ಸಾಗಣೆ, ಭೂಮಾಪನ ಮೊದಲಾದುವು ಇದಕ್ಕೆ ಸೇರಿದುವು. ಕರ್ನಾಟಕದಲ್ಲಿ 2003ರಲ್ಲಿಯೂ 2017ರಲ್ಲಿಯೂ ನಡೆದ ಮೋಡಬಿತ್ತನೆಯನ್ನು ರೈತರು ಮರೆತಿರಲಾರರು; ವಿಮಾನವು ಪ್ರಯಾಣಿಕರನ್ನು ಹೊರುವುದಕ್ಕೆ ಮಾತ್ರವಲ್ಲವೆಂಬುದಕ್ಕೆ ಅದೂ ನಿದರ್ಶನ. ಇಲ್ಲಿ ಹುದ್ದೆಗಳು ಕಡಿಮೆ, ಆದರೆ ಕಲಿಯುವುದು ಬಹಳ.

ಮೂರನೆಯದು ಬೋಧಕನ ದಾರಿ. ಇದರಿಂದ ಗಂಟೆಗಳು ಕೂಡುತ್ತವೆ. ಕ್ಯಾಪ್ಟನ್ ಪದವಿಗೆ ಬೇಕಾದ 1,500ರ ಲೆಕ್ಕಕ್ಕೂ ನೆರವಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ. ದಿನಕ್ಕೆ ಹತ್ತು ಬಾರಿ ಇತರರ ತಪ್ಪನ್ನು ಕಂಡು, ಹೆಸರಿಟ್ಟು, ಕಾರಣ ಹೇಳಿ ತಿದ್ದಿದವನ ವಿದ್ಯೆ ಗಟ್ಟಿಯಾಗುತ್ತದೆ. ಕೊಟ್ಟಷ್ಟೂ ಬೆಳೆಯುವ ಸಂಪತ್ತು ವಿದ್ಯೆಯೊಂದೇ ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ನಿಜ. ಸಣ್ಣ ವಿಮಾನದ ಬಲ ಆಸನದಲ್ಲಿ ಕಲಿತ ತಾಳ್ಮೆ, ಮುಂದೆ ನೂರೆಂಬತ್ತು ಜನರನ್ನು ಹೊತ್ತ ವಿಮಾನದಲ್ಲಿ ಕಿರಿಯ ಸಹಚಾಲಕನೊಡನೆ ಕುಳಿತಾಗ ಉಪಯೋಗಕ್ಕೆ ಬರುತ್ತದೆ.

ಆದರೆ ಈ ದಾರಿಯನ್ನು ಹಿಡಿಯುವವನಿಗೆ ಒಂದು ಧರ್ಮವುಂಟು. ಗಂಟೆಗಳಿಗಾಗಿ ಬಂದವನೆಂದು ಯಾರನ್ನೂ ಹೀಯಾಳಿಸಬೇಕಾಗಿಲ್ಲ; ಹೊಟ್ಟೆಯ ಪಾಡು ಎಲ್ಲರಿಗೂ ಉಂಟು. ಹೋಗುವುದೂ ತಪ್ಪಲ್ಲ. ಶಿಷ್ಯನನ್ನು ಬೆಟ್ಟದ ನಡು ಇಳಿಜಾರಿನಲ್ಲಿ ಬಿಟ್ಟುಹೋಗುವುದು ತಪ್ಪು. ಕೈಗೆತ್ತಿಕೊಂಡ ವಿದ್ಯಾರ್ಥಿಯನ್ನು ಒಂದು ಘಟ್ಟಕ್ಕೆ ಮುಟ್ಟಿಸಿ, ಅವನ ಗುಣದೋಷಗಳನ್ನು ಬರೆದಿಟ್ಟು, ಮುಂದಿನ ಬೋಧಕನಿಗೆ ಒಪ್ಪಿಸಿ ಹೊರಡುವುದು ಮರ್ಯಾದೆ. ಹಿಡಿಯನ್ನು ಬಾಯಿಬಿಟ್ಟು ಹೇಳಿ ಹಸ್ತಾಂತರಿಸುವ ವಿದ್ಯೆಯನ್ನು ಕಲಿಸುವವನೇ ಶಿಷ್ಯನನ್ನು ಹಸ್ತಾಂತರಿಸದೆ ಹೋದರೆ ಅದು ಪಾಠಕ್ಕೆ ವಿರುದ್ಧವಾದ ನಡತೆ.

ಸಂಸ್ಥೆಗಳಿಗೂ ಧರ್ಮವುಂಟು. ಬೋಧಕನ ಸಂಬಳಕ್ಕೂ ವಿಮಾನ ಸಂಸ್ಥೆಯ ಸಂಬಳಕ್ಕೂ ಅಜಗಜಾಂತರವಿಟ್ಟು, ಬೋಧಕರು ನಿಲ್ಲುವುದಿಲ್ಲವೆಂದು ದೂರುವುದು ನ್ಯಾಯವಲ್ಲ. ಬೋಧನೆಯಲ್ಲಿಯೇ ಏರುವ ಮೆಟ್ಟಿಲುಗಳಿರಬೇಕು: ಸಹಾಯಕ, ಬೋಧಕ, ಮುಖ್ಯ ಬೋಧಕ ಎಂಬ ಹೆಸರುಗಳ ಜೊತೆಗೆ ವೇತನವೂ ಗೌರವವೂ ಏರಬೇಕು. ವಿಮಾನ ಸಂಸ್ಥೆಗಳ ಹಿರಿಯ ಕ್ಯಾಪ್ಟನ್‌ಗಳು ವರ್ಷದಲ್ಲಿ ಕೆಲವು ವಾರಗಳನ್ನು ಶಾಲೆಗಳಿಗೆ ಕೊಡುವ ಏರ್ಪಾಡು ಆದರೆ ಮೇಲ್ವಿಚಾರಣೆಯ ಕೊರತೆ ಸ್ವಲ್ಪಮಟ್ಟಿಗೆ ತೀರೀತು. ಶಾಲೆಗಳಿಂದ ಸಿದ್ಧವಾದ ಫಲವನ್ನು ಕೊಯ್ಯುವವರು ಮರದ ಬುಡಕ್ಕೆ ನೀರೆರೆಯಬೇಕಾದುದು ಲೋಕನ್ಯಾಯ.

ಉಪಸಂಹಾರ

‘ಮುಂದೆ ಗುರಿ, ಹಿಂದೆ ಗುರು’ ಎಂಬ ಗಾದೆ ಕನ್ನಡಿಗರ ನಾಲಗೆಯ ಮೇಲಿದೆ. ವಿಮಾನಯಾನದಲ್ಲಿ ಈ ದೇಶವು ಗುರಿಯನ್ನು ಬಹು ಎತ್ತರದಲ್ಲಿ ಇಟ್ಟುಕೊಂಡಿತು. ಗುರುವಿನ ಕಡೆಗೆ ತಿರುಗಿ ನೋಡುವುದನ್ನು ತಡಮಾಡಿತು. ಕೊರತೆಯ ಸಾರಾಂಶವಿಷ್ಟೆ. ಬೋಧನೆಯನ್ನು ಬಸ್ಸಿಗಾಗಿ ಕಾಯುವ ತಂಗುದಾಣವೆಂದು ತಿಳಿದಿರುವಷ್ಟು ಕಾಲ ಅಲ್ಲಿ ಯಾರೂ ಮನೆ ಕಟ್ಟುವುದಿಲ್ಲ.

ವಿದ್ಯಾಸಂಸ್ಥೆಗಳ ಅಧ್ಯಾಪಕರಿಗೆ ಈ ವಿಷಯ ದೂರದ್ದಲ್ಲ. ಗಣಿತವನ್ನೂ ಭೌತಶಾಸ್ತ್ರವನ್ನೂ ಅರ್ಥವಾಗುವಂತೆ ಹೇಳಿ, 4,000 ಎಂಬ ಅಂಕಿಯು ಎಲ್ಲಿಂದ ಅಳೆದದ್ದು ಎಂದು ಕೇಳುವ ಅಭ್ಯಾಸವನ್ನು ಹಳ್ಳಿಯ ಮಗುವಿಗೆ ಹತ್ತಿಸಿದ ಉಪಾಧ್ಯಾಯನೇ ಆ ಮಗುವಿನ ಮೊದಲ ಹಾರಾಟ ಬೋಧಕನು. ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಆ ಮಾರ್ಗದಲ್ಲಿ ನಡೆದಿದ್ದರೆ, ಎರಡು ವರ್ಷ ಬಲಗಡೆಯ ಆಸನದಲ್ಲಿ ಕುಳಿತು ತಮ್ಮ ಹಿಂದೆ ಬರುವವರನ್ನು ಕೈಹಿಡಿದು ತಂದರೆ ವಿದ್ಯಾಋಣ ತೀರುತ್ತದೆ. ದಾನಿಗಳು ಒಬ್ಬ ಬಡ ವಿದ್ಯಾರ್ಥಿಗೆ ನೆರವಾಗುವಾಗ, ಅವನು ಪರವಾನಗಿ ಪಡೆದ ಬಳಿಕ ಕೆಲವು ಕಾಲ ಬೋಧಕನಾಗಿ ಸೇವೆ ಸಲ್ಲಿಸುವನೆಂಬ ಒಪ್ಪಂದದಿಂದ ಕೊಟ್ಟರೆ, ಒಂದು ದೀಪದ ಎಣ್ಣೆಯಿಂದ ಹಲವು ದೀಪಗಳು ಹತ್ತಿಯಾವು.

ಕೆಂಪೇಗೌಡರ ವಂಶಜರ ದುರ್ಗದ ನೆತ್ತಿಯ ಮೇಲೆ ಈಗ ವಿಮಾನಗಳು ಸಂಚರಿಸುತ್ತಿವೆ. ದೇವನಹಳ್ಳಿಯ ನಿಲ್ದಾಣಕ್ಕೆ 2013ರಿಂದ ಕೆಂಪೇಗೌಡರ ಹೆಸರೇ ಇದೆ. ಬೆಟ್ಟದ ತಪ್ಪಲಿನ ಮಕ್ಕಳು ಕತ್ತೆತ್ತಿ ಅವುಗಳನ್ನು ಎಣಿಸುತ್ತಾರೆ. ಆ ಮಕ್ಕಳಲ್ಲಿ ಒಬ್ಬರು ಮುಂದೊಂದು ದಿನ ಆ ವಿಮಾನವನ್ನು ನಡೆಸಬೇಕಾದರೆ, ಅದಕ್ಕೆ ಮೊದಲು ಮತ್ತೊಬ್ಬರು ಅವರ ಪಕ್ಕದ ಆಸನದಲ್ಲಿ ತಾಳ್ಮೆಯಿಂದ ನೂರು ಗಂಟೆ ಕುಳಿತಿರಬೇಕು.